ವಾಕರ್ ಎಲ್ಲಿಗೂ ನಡೆದು ಹೋಗ್ಲಿಲ್ಲ

ನಮಸ್ಕಾರ ಕೇಳುಗರೇ. ವಾಕರ್ ಅನ್ನೋ ಇಂಗ್ಲಿಷ್ ಸರ್‌ನೇಮ್ ನೀವೆಲ್ಲ ಕೇಳಿರ್ತೀರಾ, ಎಲ್ಲಿ ಕೇಳಿದ್ರಿ ಅಂತ ರೇಡಿಯೋದಲ್ಲಿ ಕೇಳೋದು ಬೇಡ ಬಿಡಿ. ಆ ಬಾಟಲಿ ಮೇಲೆ ಟೋಪಿ ಹಾಕ್ಕೊಂಡು ದಾಪುಗಾಲು ಹಾಕೋ ಮನುಷ್ಯನ ಚಿತ್ರ ಇರುತ್ತಲ್ಲ, ಅದನ್ನ ನೋಡಿದ್ರೆ ಈ ಮನೆತನದೋರೆಲ್ಲ ಊರೂರು ತಿರುಗ್ತಿದ್ರೇನೋ ಅನ್ಸುತ್ತೆ.

ಅಸಲಿಗೆ ವಾಕರ್ ನಡೀತಿದ್ದಿದ್ದು ಒಂದು ತೊಟ್ಟಿಯೊಳಗೆ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಸಡಿಲವಾಗಿರುತ್ತೆ, ಜಿಡ್ಡೂ ಇರುತ್ತೆ, ಅದನ್ನ ನೀರಲ್ಲಿ ಹಾಕಿ ಬರಿಗಾಲಲ್ಲಿ ಗಂಟೆಗಟ್ಲೆ ತುಳೀಬೇಕಿತ್ತು, ಆಗ ಎಳೆ ಎಳೆ ಹೆಣ್ಕೊಂಡು ಬಟ್ಟೆ ಕುಗ್ಗಿ ದಪ್ಪ ಆಗ್ತಿತ್ತು. ಜಿಡ್ಡು ಬಿಡಿಸೋಕೆ ಏನ್ ಹಾಕ್ತಿದ್ರು ಗೊತ್ತಾ, ಊಟ ಮಾಡ್ತಾ ಕೇಳ್ತಿರೋರು ಕ್ಷಮಿಸ್ಬೇಕು, ಕೂಡಿಟ್ಟು ಹಳೇದಾದ ಉಚ್ಚೆ! ಅದ್ರಲ್ಲಿರೋ ಅಮೋನಿಯಾ ಕೆಲ್ಸ ಮಾಡುತ್ತೆ. ಜೊತೆಗೆ ಒಂಥರಾ ಜೇಡಿಮಣ್ಣು, ಫುಲ್ಲರ್ಸ್ ಅರ್ಥ್ ಅಂತಾರೆ, ನಮ್ಮ ಹುಡುಗೀರು ಮುಖಕ್ಕೆ ಹಚ್ಕೊಳೋ ಮುಲ್ತಾನಿ ಮಿಟ್ಟಿ ಇದೆಯಲ್ಲ, ಅದೇ.

ಈ ಕೆಲ್ಸದೋನಿಗೆ ಇಂಗ್ಲೆಂಡಿನ ಉತ್ತರದಲ್ಲಿ ವಾಕರ್, ದಕ್ಷಿಣ ಪೂರ್ವದ ಕಡೆ ಫುಲ್ಲರ್, ನೈಋತ್ಯದ ಡೆವನ್ ಕಡೆ ಟಕರ್. ಕಸುಬು ಒಂದೇ, ಹೆಸರು ಮೂರು! ಹಾಗಾಗಿ ಒಬ್ಬನ ಸರ್‌ನೇಮ್ ಟಕರ್ ಅಂದ್ರೆ ಅವನ ಹಿರೀಕರು ಯಾವ ದಿಕ್ಕಿನೋರು ಅಂತ ಒಂದು ಅಂದಾಜು ಸಿಗುತ್ತೆ, ಅಂದಾಜು ಅಷ್ಟೇ, ಯಾಕಂದ್ರೆ ನ್ಯೂಕಾಸಲ್ ಹತ್ರ ವಾಕರ್ ಅಂತ ಒಂದು ಊರೇ ಇದೆ, ಕೆಲವರಿಗೆ ಹೆಸರು ಅಲ್ಲಿಂದ ಬಂದಿರೋದೂ ಉಂಟು. ಡೆವನ್ನಿನ ಎಕ್ಸೆಟರ್‌ನಲ್ಲಿ ಈ ಕಸುಬಿನೋರ ಸಂಘ 15ನೇ ಶತಮಾನದಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಈಗ್ಲೂ ನಿಂತಿದೆ.

ನಂಗೆ ತುಂಬಾ ಇಷ್ಟ ಆಗಿದ್ದು ಇನ್ನೊಂದು ವಿಷ್ಯ. ನೀರಿನ ಚಕ್ರದಿಂದ ಮರದ ಸುತ್ತಿಗೆ ಎತ್ತಿ ಬಟ್ಟೆ ಬಡಿಯೋ ಗಿರಣಿಗಳು 1185ರ ಹೊತ್ತಿಗೇ ಇಂಗ್ಲೆಂಡಿನ ದಾಖಲೆಗಳಲ್ಲಿ ಸಿಗ್ತವೆ, ಆದ್ರೆ ಜನಸಾಮಾನ್ಯರ ಸರ್‌ನೇಮ್ ಅಪ್ಪನಿಂದ ಮಗನಿಗೆ ಅಂತ ಗಟ್ಟಿಯಾಗಿ ನಿಂತಿದ್ದು ಹೆಚ್ಚಾಗಿ 13, 14ನೇ ಶತಮಾನದಲ್ಲಿ. ಅಂದ್ರೆ ಎಷ್ಟೋ ಜನ ಮೊದಲ ವಾಕರ್‌ಗಳು ತುಳಿದೇ ಇರ್ಲಿಲ್ಲ ಅನ್ಸುತ್ತೆ, ಗಿರಣಿ ನೋಡ್ಕೋತಿದ್ರು, ಹೆಸರು ಮಾತ್ರ ಕಾಲಿಂದು!

ಪಕ್ಕದ ವೇಲ್ಸ್‌ನಲ್ಲಿ ಕಥೆ ಬೇರೆ. ಅಲ್ಲಿ ಬಹುಕಾಲ ಅಪ್ಪನ ಹೆಸರನ್ನೇ ಮಗನ ಹೆಸರಿನ ಹಿಂದೆ ಸೇರಿಸ್ಕೋತಿದ್ರು, ಹಂಗಾಗಿ ಕಸುಬಿನ ಸರ್‌ನೇಮ್ ಕಮ್ಮಿ. ಈ ಗಿರಣಿಗೆ ಅವರು ಪ್ಯಾಂಡಿ ಅಂತಿದ್ರು, ಅದು ಜನರಿಗಿಂತ ಊರುಗಳಿಗೆ ಅಂಟ್ಕೊಂಡಿದೆ, 1910ರ ಕಲ್ಲಿದ್ದಲು ಕಾರ್ಮಿಕರ ಗಲಾಟೆಯಿಂದ ಹೆಸರಾದ ಟೋನಿಪ್ಯಾಂಡಿ ಅಂಥದ್ದೇ ಒಂದು.