ಡೆಕೇಟರ್ ಬೀದಿಯ ಶನಿವಾರದ ಅಜ್ಜ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ವಿಡಿಯೋದಲ್ಲಿ ನಾನು ಯಾರ ಬಗ್ಗೆ ಮಾತಾಡುತ್ತೇನೋ ಅವರು ಕಾಣಿಸುವುದಿಲ್ಲ. ನಾನು ಅಮೆರಿಕದ ನ್ಯೂ ಆರ್ಲಿಯನ್ಸ್ ಮುಟ್ಟುವಷ್ಟರಲ್ಲಿ ಅವರು ತೀರಿಹೋಗಿ ಹತ್ತು ವರ್ಷ ದಾಟಿತ್ತು.

ಈಗ ಕಾಣುತ್ತಿರುವುದು ಡೆಕೇಟರ್ ಬೀದಿ. ಊರಿನ ಹಳೇ ಭಾಗವಾದ ಫ್ರೆಂಚ್ ಕ್ವಾರ್ಟರ್‌ನಲ್ಲಿ ಮಿಸಿಸಿಪ್ಪಿ ನದಿ ಕಡೆಗೆ. ಬೆಳಿಗ್ಗೆಯೇ ಮಂಗಳೂರಿನ ಹಾಗೆ ಅಂಟಂಟು ಸೆಕೆ. ಅಲ್ಲಿ ನಿಂತು ಮಾತಾಡಿದ್ದೆಲ್ಲ ಗಾಳಿ ಸದ್ದಿನಲ್ಲಿ ಹಾಳಾಯಿತು. ಅದಕ್ಕೇ ಮನೆಯಲ್ಲಿ ಕೂತು ಮತ್ತೆ ಹೇಳುತ್ತಿದ್ದೇನೆ.

ಇದೇ ಬೀದಿಯಲ್ಲಿದ್ದ ಪಾಮ್ ಕೋರ್ಟ್ ಜಾಝ್ ಕೆಫೆಯಲ್ಲಿ ವರ್ಷಗಟ್ಟಲೆ ಶನಿವಾರ ರಾತ್ರಿ ಟ್ರಂಪೆಟ್ ನುಡಿಸಿದವರು ಲಿಯೋನೆಲ್ ಫರ್ಬೋಸ್. ಹುಟ್ಟಿದ್ದು 1911ರ ಜುಲೈ 17ರಂದು, ಇದೇ ಊರಿನಲ್ಲಿ. ನೂರು ತುಂಬಿದ ಮೇಲೂ ನುಡಿಸುತ್ತಿದ್ದರು. ಟ್ರಂಪೆಟ್ ಸ್ವಾಮಿ! ತುಟಿ, ಹಲ್ಲು, ಉಸಿರು ಮೂರೂ ನೆಟ್ಟಗಿರಬೇಕು. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನಲ್ಲಿ ಇಪ್ಪತ್ತೈದರ ಹುಡುಗರೇ ಎರಡು ಹಾಡಿಗೆ ಮುಖ ಕೆಂಪು ಮಾಡಿಕೊಳ್ಳುತ್ತಾರೆ, ಅಲ್ವಾ?

ಚಿಕ್ಕವರಿದ್ದಾಗ ಅವರಿಗೆ ಉಬ್ಬಸ ಬೇರೆ. ಊದುವ ವಾದ್ಯ ಬೇಡವೇ ಬೇಡ ಎಂದಿದ್ದರು ಮನೆಯವರು. ಹದಿನೈದರ ಹೊತ್ತಿಗೆ ಥಿಯೇಟರಿನಲ್ಲಿ ಬರೀ ಹುಡುಗಿಯರೇ ಇದ್ದ ಆರ್ಕೆಸ್ಟ್ರಾ ಒಂದನ್ನು ನೋಡಿದರು. ಇವರು ಊದುತ್ತಾರಂತೆ, ನಾನು ಊದಬಾರದಂತೆ ಎಂದು ಹಟ ಹಿಡಿದರು. ಕೊನೆಗೆ ರಾಂಪಾರ್ಟ್ ಬೀದಿಯ ಗಿರವಿ ಅಂಗಡಿಯಿಂದ ಒಂದು ಕಾರ್ನೆಟ್, ಅಂದರೆ ಟ್ರಂಪೆಟ್ಟಿನಂಥದ್ದೇ ಗಿಡ್ಡ ವಾದ್ಯ, ಮನೆಗೆ ಬಂತು.

ಅಲ್ಲಿಂದ ಮುಂದೆ ದೊಡ್ಡ ಸ್ಟಾರ್ ಆದರು ಎಂದು ಹೇಳಲು ಹೊರಟಿಲ್ಲ. ಆಗಲಿಲ್ಲ. ಇದೇ ಊರಿನ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಇವರಿಗಿಂತ ಹತ್ತು ವರ್ಷ ದೊಡ್ಡವರು. ಅವರು ಊರು ಬಿಟ್ಟು ಶಿಕಾಗೋಗೆ ಹೋಗಿ ಜಗತ್ತನ್ನೇ ಗೆದ್ದರು. ಫರ್ಬೋಸ್ ಊರಲ್ಲೇ ಉಳಿದರು. ಹಗಲು ಅಪ್ಪನ ಕಸುಬು, ತಗಡಿನ ಕೆಲಸ. ಟ್ರಂಪೆಟ್ಟು ಸಂಜೆ ಆದಮೇಲೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕ ಸರ್ಕಾರ ಕೆಲಸವಿಲ್ಲದವರಿಗೆ ರಸ್ತೆ, ಸೇತುವೆ ಕಟ್ಟುವ ಕೂಲಿ ಕೊಟ್ಟಿತಲ್ಲ, ಅದೇ ಯೋಜನೆಯಲ್ಲಿ ಬ್ಯಾಂಡ್‌ಗಳಿಗೂ ಸಂಬಳ ಇತ್ತು. ಅಂಥ ಒಂದು ಬ್ಯಾಂಡ್‌ನಲ್ಲಿ ಇವರೂ ಇದ್ದರು.

ಇನ್ನು ಸಂಗೀತ. ನ್ಯೂ ಆರ್ಲಿಯನ್ಸ್‌ನ ಹಳೇ ಜಾಝ್ ಮೊದಲ ಸಲ ಕೇಳಿದರೆ ಬರೀ ಗದ್ದಲ ಅನ್ನಿಸಬಹುದು. ನನಗೂ ಹಾಗೇ ಆಗಿತ್ತು. ಮೂರು ಜನ ಒಟ್ಟಿಗೇ ಊದುತ್ತಿರುತ್ತಾರೆ. ಕ್ಲಾರಿನೆಟ್ ಮೇಲೆ ಬಳ್ಳಿ ಹಬ್ಬಿದ ಹಾಗೆ ಸುತ್ತುತ್ತದೆ. ಟ್ರಾಂಬೋನ್ ಕೆಳಗಡೆ ಜಾರುತ್ತಾ ಗೊಣಗುತ್ತದೆ. ನಡುವೆ ಹಾಡನ್ನು ಹಿಡಿದುಕೊಂಡು ಹೋಗುವುದು ಟ್ರಂಪೆಟ್. ಭಜನೆಯಲ್ಲಿ ಒಬ್ಬರು ಸಾಲು ಹೇಳಿಕೊಡುತ್ತಾರಲ್ಲ, ಆ ಪಾತ್ರ. ಅವರು ತಮ್ಮ ಚಮತ್ಕಾರ ತೋರಿಸಲು ಹೊರಟರೆ ಉಳಿದವರು ಎಲ್ಲಿಗೆ ಹೋಗಬೇಕು?

ಫರ್ಬೋಸ್ ಅವರ ರೆಕಾರ್ಡಿಂಗ್ ಕೇಳಿ. ಹಾಡು ಸುಮ್ನೆ ಹಾಡಾಗಿ ಬರುತ್ತದೆ. ಕಿರುಚಾಟ ಇಲ್ಲ, ಅವಸರ ಇಲ್ಲ. ಸಾಲಿನ ಕೊನೆಯಲ್ಲಿ ಕ್ಲಾರಿನೆಟ್ಟಿಗೆ ಜಾಗ ಬಿಟ್ಟು ನಿಲ್ಲುತ್ತಾರೆ. ಸಪ್ಪೆ ಎನ್ನುವವರೂ ಇರಬಹುದು. ಇರಲಿ. ಮಜ್ಜಿಗೆಹುಳಿಯನ್ನೂ ಸಪ್ಪೆ ಎನ್ನುವವರಿದ್ದಾರೆ.

ಇನ್ನೊಂದು ವಿಷಯ. ಆ ಕಾಲದ ಎಷ್ಟೋ ವಾದಕರು ಕಿವಿಯಲ್ಲೇ ಕಲಿತವರು. ಇವರಿಗೆ ಬರೆದ ಸಂಗೀತ ಓದಲು ಚೆನ್ನಾಗಿ ಬರುತ್ತಿತ್ತು. ಸ್ವೀಡನ್‌ನಿಂದ ಬಂದ ಪಿಯಾನೋ ವಾದಕ ಲಾರ್ಸ್ ಎಡೆಗ್ರಾನ್ ಅವರ ನ್ಯೂ ಆರ್ಲಿಯನ್ಸ್ ರ‍್ಯಾಗ್‌ಟೈಮ್ ಆರ್ಕೆಸ್ಟ್ರಾದಲ್ಲಿ 1970ರ ದಶಕದಲ್ಲಿ ಅದು ಕೆಲಸಕ್ಕೆ ಬಂತು. ಅಲ್ಲಿ ನುಡಿಸುತ್ತಿದ್ದದ್ದು ಜಾಝ್ ಇನ್ನೂ ತೊಟ್ಟಿಲಲ್ಲಿದ್ದ ಕಾಲದ ರಚನೆಗಳು. ಹಾಳೆ ನೋಡಿ ನುಡಿಸುವವರು ಇಲ್ಲದಿದ್ದರೆ ಹಾಳೆ ಬರೀ ಹಾಳೆ.

ಮದುವೆಯಾಗಿ ಎಪ್ಪತ್ತೈದು ವರ್ಷ ಜೊತೆಗಿದ್ದ ಹೆಂಡತಿ ಮಾರ್ಗರೀಟ್ 2009ರಲ್ಲಿ ಹೋದರು. ಆಮೇಲೂ ಶನಿವಾರ ತಪ್ಪಲಿಲ್ಲ. ನೂರನೇ ಹುಟ್ಟುಹಬ್ಬ ನಡೆದದ್ದೂ ಪಾಮ್ ಕೋರ್ಟ್‌ನಲ್ಲೇ. ತೀರಿಕೊಂಡದ್ದು 2014ರ ಜುಲೈ 19ರಂದು, 103 ತುಂಬಿ ಎರಡೇ ದಿನಕ್ಕೆ.

ಇನ್ನು ಮುಂದಿನ ಒಂದೂವರೆ ನಿಮಿಷ ಬರೀ ಮಾಡುಗಳು, ಮಳೆನೀರಿನ ದೋಣಿಗಳು. ಯಾಕಪ್ಪಾ ಇದೆಲ್ಲ ಎಂದು ಬೈಯಬೇಡಿ. ತಗಡಿನ ಕೆಲಸದವರ ಊರಿನಲ್ಲಿ ನಡೆಯುತ್ತಿದ್ದೇನೆ ಎಂದು ಹೊಳೆದದ್ದೇ ತಡ, ಕ್ಯಾಮೆರಾ ಮೇಲಕ್ಕೇ ಹೋಯಿತು. ಎಡಗಡೆ, ಆ ಹಸಿರು ಕಿಟಕಿಯ ಮೇಲೆ ನೋಡಿ. ಹಳೇ ತಗಡು, ಸಂದು ಮಾತ್ರ ಇನ್ನೂ ಗಟ್ಟಿ. ಯಾರು ಕೂರಿಸಿದ್ದೋ. ಅಷ್ಟರಲ್ಲಿ ಸಣ್ಣಗೆ ಮಳೆ ಶುರುವಾಯಿತು.