ಪಕ್ಕದ ಬೆಂಚಿನ ಗೆಳೆಯ

ಕೇಳುಗರಿಗೆ ನಮಸ್ಕಾರ.

90 ಎಂ.ಎಲ್. ವಿಸ್ಕಿಯ ಟೆಟ್ರಾ ಪ್ಯಾಕ್ ನೋಡಿದ್ದೀರಾ? ಥೇಟ್ ಮಾವಿನ ಜ್ಯೂಸಿನ ಪುಟ್ಟ ಪ್ಯಾಕಿನ ಹಾಗೆ, ಹೈಸ್ಕೂಲ್ ಹುಡುಗನ ಜೇಬಿನಲ್ಲಿ ಸದ್ದಿಲ್ಲದೆ ಕೂರುತ್ತದೆ. ಅದರಲ್ಲಿರುವುದು ಸುಮಾರು 30 ಗ್ರಾಂ ಆಲ್ಕೋಹಾಲ್. ದೊಡ್ಡವರ ಮೈಗೂ ಅದನ್ನು ಅರಗಿಸಲು ಮೂರು ಗಂಟೆಯಾದರೂ ಬೇಕು. ಜಾತ್ರೆಯ ಗದ್ದಲದಲ್ಲಿ 14ರ ಹುಡುಗ ಅದನ್ನು ಐದೇ ನಿಮಿಷದಲ್ಲಿ ಖಾಲಿ ಮಾಡುತ್ತಾನೆ. ಇದು ಮೊದಲು ಗೊತ್ತಾಗುವುದು ಮೇಷ್ಟ್ರಿಗಲ್ಲ, ಅಪ್ಪ-ಅಮ್ಮನಿಗೂ ಅಲ್ಲ, ಪಕ್ಕದ ಬೆಂಚಿನ ಗೆಳೆಯನಿಗೆ. ಗೆಳೆಯನ ಕಷ್ಟ ಕೇಳಿ ನೆರವಾಗಲು ಆ ಗೆಳೆಯನನ್ನೇ ತಯಾರು ಮಾಡುವುದು ಸಹಪಾಠಿ ಆಪ್ತಸಮಾಲೋಚನೆ.

ಯಾರನ್ನು ಆರಿಸಬೇಕು? "ಕಷ್ಟ ಬಂದರೆ ತರಗತಿಯಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತೀಯ?" ಎಂದು ಚೀಟಿಯಲ್ಲಿ ಬರೆಸಿ. ಮತ್ತೆ ಮತ್ತೆ ಬರುವ ಹೆಸರೇ ಸರಿಯಾದ ಹೆಸರು. ಎಷ್ಟೋ ಸಲ ಅದು ಕ್ಲಾಸ್ ಲೀಡರಿನದಾಗಿರುವುದಿಲ್ಲ. ಸೆಕ್ಷನ್ನಿಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಸಾಕು.

ವಾರಕ್ಕೊಂದು ಗಂಟೆಯಂತೆ ಆರು ವಾರ ತರಬೇತಿ ಕೊಡಿ. ಹೆಚ್ಚಿನ ಹೊತ್ತು ಕೇಳಿಸಿಕೊಳ್ಳುವ ಅಭ್ಯಾಸಕ್ಕೇ ಹೋಗಲಿ. "ಕುಡೀಬೇಡ ಕಣೋ, ಹಾಳಾಗ್ತೀಯ" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಮೊನ್ನೆ ಜಾತ್ರೇಲಿ ಏನಾಯ್ತೋ?" ಅಂದು ಸುಮ್ಮನೆ ಕಾಯಬೇಕು. ಆಮೇಲೆ, "ಮತ್ತೆ ಕರೆದ್ರೆ ಏನ್ ಹೇಳ್ತೀಯ?" ಎಂದು ಕೇಳಿ, ಉತ್ತರವನ್ನು ಬಾಯಿಬಿಟ್ಟು ಹೇಳಿಸಬೇಕು. "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ" ಅನ್ನುವಷ್ಟು ಸಣ್ಣ ಮಾತೂ ಮೊದಲೇ ಬಾಯಿಗೆ ರೂಢಿಯಾಗಿದ್ದರೆ ಸಮಯಕ್ಕೆ ಒದಗುತ್ತದೆ.

ಕೆಲಸ ಕೆಡುವುದು ಹೇಗೆ ಗೊತ್ತೇ? "ಯಾರ್ಯಾರು ಕುಡೀತಾರೆ, ಹೆಸರು ಕೊಡು" ಎಂದು ಹೆಡ್‌ಮಾಸ್ಟರು ಒಮ್ಮೆ ಕೇಳಿದರೆ ಸಾಕು, ಗೆಳೆಯ ಚಾಡಿಕೋರನಾದ. ಮರುದಿನದಿಂದ ಯಾರೂ ಅವನ ಬಳಿ ಬಾಯಿ ಬಿಡುವುದಿಲ್ಲ. ದಯವಿಟ್ಟು ಕೇಳಬೇಡಿ. ದಾಖಲೆ ಪುಸ್ತಕದಲ್ಲಿ ಎಷ್ಟು ಸಲ ಮಾತಾಯಿತು ಎಂಬ ಲೆಕ್ಕವಷ್ಟೇ ಇರಲಿ. ಕುಡಿಯುವ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ಬುದ್ಧಿ ಹೇಳುವುದೂ ಬೇಡ. ಅಲ್ಲಿ ಅವರವರ ಸಾಹಸಗಳೇ ವಿನಿಮಯವಾಗಿ ಚಟ ಬಲಿಯುವ ಅಪಾಯವಿದೆ.

ಆದರೆ ಎಲ್ಲವನ್ನೂ ಗುಟ್ಟಾಗಿ ಇಡಲಾಗದು. ಸಾಯುವ ಮಾತು, ಮನೆಯಲ್ಲಿ ಹೊಡೆತ, ಲೈಂಗಿಕ ಕಿರುಕುಳ, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಕ: ಇವು ಅದೇ ದಿನ ಹೊಣೆ ಹೊತ್ತ ಶಿಕ್ಷಕರಿಗೆ ತಿಳಿಯಬೇಕು. ಈ ಷರತ್ತನ್ನು ಮಾತು ಶುರುವಾಗುವ ಮೊದಲೇ ಹೇಳಿಬಿಡಬೇಕು. ಶಿಕ್ಷಕರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ಮಕ್ಕಳ ಸಹಾಯವಾಣಿ 1098 ಇವೆ.

ಕುಡಿದು ಬಿದ್ದವನಿಗೆ ಮಜ್ಜಿಗೆ, ನಿಂಬೆರಸ ಕುಡಿಸಬೇಡಿ, ಉಸಿರುಗಟ್ಟೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಜೊತೆಗಿರಿ. ಹುಡುಗರು ಬಿಟ್ಟು ಓಡುವುದು ಏಟಿನ ಭಯಕ್ಕೆ. ಹಾಗಾಗಿ, ಫೋನ್ ಮಾಡಿದವನಿಗೆ ಶಿಕ್ಷೆಯಿಲ್ಲ ಎಂದು ಹೆಡ್‌ಮಾಸ್ಟರೇ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಹೇಳಲಿ, ಜಾತ್ರೆಗೆ ಒಂದು ವಾರ ಮೊದಲೇ.