ಗುಡ್ಡದ ಮೇಲಿನ ಮೂರನೆಯ ಅಂಚೆ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

1928ರ ಡಿಸೆಂಬರ್ ತಿಂಗಳು. ಅಮೆರಿಕದ ದಕ್ಷಿಣದಲ್ಲಿರುವ ಮಿಸಿಸಿಪಿ ರಾಜ್ಯದಿಂದ ಒಬ್ಬ ಕಪ್ಪು ರೈತ ನ್ಯೂಯಾರ್ಕಿಗೆ ಬಂದಿದ್ದರು. ಹೆಸರು ಜಾನ್ ಹರ್ಟ್. ಓಕೇ ಎಂಬ ರೆಕಾರ್ಡ್ ಕಂಪನಿ ಅವರನ್ನು ಹಾಡಲು ಕರೆಸಿತ್ತು. ದೊಡ್ಡ ಪಟ್ಟಣ, ಚಳಿ, ಊರಿನ ನೆನಪು ಬಹಳ ಕಾಡಿತು. ಅಲ್ಲೇ ಒಂದು ಹಾಡು ಕಟ್ಟಿದರು. ಅವಲಾನ್ ನನ್ನ ಊರು, ಅದು ಸದಾ ನನ್ನ ಮನಸ್ಸಿನಲ್ಲೇ ಇದೆ ಅನ್ನುವ ಹಾಡು. ಮೂರು ನಿಮಿಷದ್ದು. ಹಾಡಿ ಮುಗಿಸಿ ಊರಿಗೆ ವಾಪಸ್ ಹೋದರು. ಮರುವರ್ಷವೇ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಊಟಕ್ಕೇ ಕಷ್ಟ ಅನ್ನುವಾಗ ರೆಕಾರ್ಡ್ ಕೊಳ್ಳುವವರು ಯಾರು? ಹರ್ಟ್ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಹೊಲ, ದನ, ನೆರೆಹೊರೆಯವರು ಸೇರಿದಾಗ ಒಂದಿಷ್ಟು ಗಿಟಾರ್. ಹೀಗೇ ಮೂವತ್ತನಾಲ್ಕು ವರ್ಷ ಕಳೆಯಿತು.

ಆ ಮೂರು ನಿಮಿಷ ಮಾತ್ರ ಉಳಿಯಿತು. ಅದನ್ನು ಯಾರು ಉಳಿಸಿದರು, ಹೇಗೆ ಉಳಿಸಿದರು ಅನ್ನುವುದನ್ನು ಇವತ್ತು ನಿಮಗೆ ಹೇಳಬೇಕು ಅಂತ ಬಂದಿದ್ದೇನೆ.

ಗ್ರಾಮಫೋನ್ ಪ್ಲೇಟು ಅಂದರೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ನಿಮಿಷಕ್ಕೆ 78 ಸುತ್ತು. ಒಂದು ಮಗ್ಗುಲಿಗೆ ಒಂದೇ ಹಾಡು. ಕೈ ಜಾರಿದರೆ ಹಂಚಿನ ಹಾಗೆ ಒಡೆದು ಚೂರು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ. ನಮ್ಮ ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚುತ್ತಾರಲ್ಲ, ಪಾಂಡವರನ್ನು ಸುಡಬೇಕು ಅಂತ ಮನೆ ಕಟ್ಟಿಸಿದರಲ್ಲ, ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆಯಂಥ ಕಪ್ಪು ಬೆರೆಸಿ, ಬಿಸಿ ಮಾಡಿ ಅಚ್ಚು ಒತ್ತುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದದ್ದು ಭಾರತದಿಂದ. ನಮ್ಮ ಕಾಡಿನ ಮರದ ಮೇಲೆ ಒಂದು ಸಣ್ಣ ಹುಳು ಕಟ್ಟಿದ ಅರಗು ಸಮುದ್ರ ದಾಟಿ ಹೋಗಿ, ಮಿಸಿಸಿಪಿಯ ರೈತನ ದನಿಯನ್ನು ಹಿಡಿದಿಟ್ಟುಕೊಂಡಿತು. ನನಗೆ ಇದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ. ಎರಡನೆಯ ಮಹಾಯುದ್ಧ ಬಂದಾಗ ಅದೇ ಅರಗು ಸಿಗದೆ ಹೋಯಿತು. 1942ರಲ್ಲಿ ಅಮೆರಿಕದಲ್ಲಿ ಹಳೆಯ ಪ್ಲೇಟುಗಳನ್ನು ಮನೆಮನೆಯಿಂದ ಕೂಡಿಸಿ, ಕರಗಿಸಿ, ಹೊಸದು ಮಾಡಿದರು. ಹೀಗೆ ಕರಗಿಹೋದ ಹಾಡುಗಳಿಗೆ ಲೆಕ್ಕವಿಲ್ಲ.

ಹರ್ಟ್ ಅವರಂಥವರ ಹಾಡುಗಳಿಗೆ ಬ್ಲೂಸ್ ಅಂತ ಹೆಸರು. 1920ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿಯ ಒಂದು ಪ್ಲೇಟು ಭಾರಿ ಮಾರಾಟವಾಯಿತು. ಕಪ್ಪು ಜನರೂ ದುಡ್ಡು ಕೊಟ್ಟು ಪ್ಲೇಟು ಕೊಳ್ಳುತ್ತಾರೆ ಅನ್ನುವುದು ಕಂಪನಿಗಳಿಗೆ ಆಗ ಹೊಳೆಯಿತು. ಅವರಿಗಾಗಿಯೇ ಬೇರೆ ಸಾಲು ತೆಗೆದರು. ಅದಕ್ಕೆ ರೇಸ್ ರೆಕಾರ್ಡ್ಸ್ ಅಂತಲೇ ಕರೆದರು. ಅದು ಆ ಕಾಲದ ಜನಪ್ರಿಯ ಸಂಗೀತ. ಮದುವೆಗೆ, ಕುಣಿತಕ್ಕೆ, ಬೇಜಾರಾದಾಗ ಕೇಳುವುದಕ್ಕೆ. ಅದನ್ನು ಕಾಪಾಡಬೇಕು ಅಂತ ಆಗ ಯಾರಿಗೂ ಅನ್ನಿಸಲಿಲ್ಲ.

ಹೀಗೆ ಪ್ಲೇಟು ತೆಗೆದವರಲ್ಲಿ ಪ್ಯಾರಮೌಂಟ್ ಕೂಡ ಒಂದು. ವಿಸ್ಕಾನ್ಸಿನ್ ರಾಜ್ಯದ ಒಂದು ಕುರ್ಚಿ ಮಾಡುವ ಕಂಪನಿ ಇದನ್ನು ನಡೆಸುತ್ತಿತ್ತು. ಕುರ್ಚಿಯವರಿಗೆ ಹಾಡಿನ ಉಸಾಬರಿ ಯಾಕೆ ಅಂತೀರಾ? ಅವರು ಗ್ರಾಮಫೋನಿನ ಮರದ ಪೆಟ್ಟಿಗೆಯನ್ನೂ ಮಾಡುತ್ತಿದ್ದರು. ಪೆಟ್ಟಿಗೆ ಮಾರಾಟವಾಗಬೇಕಾದರೆ ಪ್ಲೇಟು ಬೇಕಲ್ಲ, ಅದಕ್ಕೆ. ಖರ್ಚು ಉಳಿಸಲು ಅಗ್ಗದ ಮಾಲು ಬಳಸಿದರು. ಆ ಪ್ಲೇಟು ಹಾಕಿದರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಆ ಸಿಡಿತದ ಹಿಂದೆ ಚಾರ್ಲಿ ಪ್ಯಾಟನ್, ಸ್ಕಿಪ್ ಜೇಮ್ಸ್, ಗೀಶಿ ವೈಲಿ ಹಾಡುತ್ತಿರುತ್ತಾರೆ. 1930ರ ದಶಕದಲ್ಲಿ ಕಂಪನಿ ಬಾಗಿಲು ಹಾಕಿತು. ಲೆಕ್ಕದ ಪುಸ್ತಕಗಳು ಬಹುಮಟ್ಟಿಗೆ ಹಾಳಾಗಿ ಹೋದವು. ಯಾರು, ಯಾವಾಗ, ಎಲ್ಲಿ ಹಾಡಿದರು ಅಂತ ಹೇಳುವ ಕಾಗದ ಉಳಿಯಲಿಲ್ಲ.

ಆಗ ಈ ಹಾಡುಗಳನ್ನು ಹುಡುಕಿ ಉಳಿಸುವ ಕೆಲಸಕ್ಕೆ ಕೈ ಹಾಕಿದವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ. ಅಂಚೆ ಕಚೇರಿ, ಅಂಗಡಿ, ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದ ಸಾಮಾನ್ಯ ಜನ. ಜೇಮ್ಸ್ ಮೆಕ್‌ಕ್ಯೂನ್ ಅಂತ ಒಬ್ಬರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವೈಎಂಸಿಎಯ ಒಂದು ಪುಟ್ಟ ಕೋಣೆಯಲ್ಲಿದ್ದರು. ಅವರ ಪ್ಲೇಟುಗಳೆಲ್ಲ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ. 1944ರಲ್ಲಿ ಅವರಿಗೆ ಪ್ಯಾಟನ್ ಅವರ ಒಂದು ಸವೆದ ಪ್ಲೇಟು ಸಿಕ್ಕಿತು. ಆಗ ಸಂಗ್ರಾಹಕರಿಗೆಲ್ಲ ಜಾಝ್ ಮಾತ್ರ ಬೇಕಿತ್ತು. ಮೆಕ್‌ಕ್ಯೂನ್ ಮಾತ್ರ ಕಂಡಕಂಡವರಿಗೆಲ್ಲ, ಇದನ್ನು ಕೇಳಿ, ಇದನ್ನು ಕೇಳಿ ಅಂತ ಹೇಳಿದರು. ಅವರಿಂದ ಇನ್ನೊಬ್ಬರಿಗೆ ಆ ರುಚಿ ಹತ್ತಿತು, ಅವರಿಂದ ಮತ್ತೊಬ್ಬರಿಗೆ.

ಈ ಜನ ತಿಳುವಳಿಕೆ ಕೂಡಿಸಿದ ಬಗೆ ನನಗೆ ಪ್ಲೇಟಿಗಿಂತ ದೊಡ್ಡದಾಗಿ ಕಾಣುತ್ತದೆ. ಪ್ಲೇಟಿನ ನಡುವೆ ಲೇಬಲ್ ಇರುತ್ತದೆ. ಅದರ ಪಕ್ಕದಲ್ಲಿ, ಗೆರೆ ಮುಗಿಯುವ ಜಾಗದಲ್ಲಿ, ಒಂದು ಸಣ್ಣ ನಂಬರು ಒತ್ತಿರುತ್ತದೆ. ಹಾಡಿದ ದಿನದ ಕ್ರಮದಲ್ಲಿ ಕೊಟ್ಟ ನಂಬರು ಅದು.

ನಮ್ಮ ಸೋದರಮಾವನ ಹತ್ತಿರ ಒಂದು ಟ್ರಂಕಿನ ತುಂಬ ಹಳೆಯ ಕನ್ನಡ ನಾಟಕದ ಹಾಡಿನ ಪ್ಲೇಟುಗಳಿದ್ದವು. ಒಂದರ ಲೇಬಲ್ ಪೂರ್ತಿ ಹುಳ ತಿಂದಿತ್ತು. ಯಾರು ಹಾಡಿದ್ದೋ ಗೊತ್ತಾಗುವುದಿಲ್ಲ ಅಂತ ನಾನು ಪಕ್ಕಕ್ಕಿಟ್ಟೆ. ಮಾವ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ಹೆಸರು ಹೋದರೇನಪ್ಪಾ, ಮೈ ಮೇಲೆ ಮಚ್ಚೆ ಇದೆಯಲ್ಲ" ಅಂದರು. ನಂಬರನ್ನು ಚೀಟಿಯಲ್ಲಿ ಬರೆದುಕೊಂಡರು. ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಅದರ ಹಿಂದಿನ ನಂಬರಿನ ಪ್ಲೇಟು ಇತ್ತು. ಲೇಬಲ್ಲೂ ಚೆನ್ನಾಗಿತ್ತು. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆವು. ಅದೇ ಗಂಟಲು, ಹಾರ್ಮೋನಿಯಂ ನುಡಿಸುವ ಕೈಯೂ ಅದೇ. ಮಾವನ ಮುಖ ಆಗ ಹೇಗೆ ಅರಳಿತ್ತು ಅನ್ನುವುದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಮೆರಿಕದ ಸಂಗ್ರಾಹಕರು ಮಾಡಿದ್ದೂ ಇದನ್ನೇ, ಸಾವಿರಾರು ಪ್ಲೇಟುಗಳ ಲೆಕ್ಕದಲ್ಲಿ. ನಿನ್ನ ಹತ್ತಿರ ಯಾವ ನಂಬರಿದೆ, ನನ್ನ ಹತ್ತಿರ ಇದಿದೆ ಅಂತ ಕಾಗದ ಬರೆದರು. ಹಾಡುಗಳನ್ನು ಟೇಪಿಗೆ ಹಾಕಿ ಅಂಚೆಯಲ್ಲಿ ಕಳಿಸಿದರು. ಕಪ್ಪು ಜನರ ಪತ್ರಿಕೆ ಶಿಕಾಗೋ ಡಿಫೆಂಡರ್‌ನ ಹಳೆಯ ಸಂಚಿಕೆ ತೆಗೆದು ಜಾಹೀರಾತು ನೋಡಿದರು. ಹೀಗೆ ಕಂಪನಿಯೇ ಕಳೆದುಕೊಂಡ ಲೆಕ್ಕವನ್ನು ಹೊರಗಿನವರು ಮತ್ತೆ ಬರೆದರು. ಪ್ಯಾರಮೌಂಟ್ 1929ರಲ್ಲಿ ಪ್ಯಾಟನ್ ಅವರ ಒಂದು ಪ್ಲೇಟನ್ನು ಮುಖವಾಡದ ಮಾಂತ್ರಿಕ ಅನ್ನುವಂಥ ಹೆಸರಲ್ಲಿ ಮಾರಿ, ಇವರು ಯಾರು ಹೇಳಿ ಅಂತ ಸ್ಪರ್ಧೆ ಇಟ್ಟಿತ್ತು. ಇನ್ನೊಂದನ್ನು ಪಾದ್ರಿಯ ಹೆಸರಲ್ಲಿ ತಂದಿತ್ತು. ಅವೆಲ್ಲ ಒಬ್ಬರೇ ಅಂತ ಈಗ ನಾವು ನಿಶ್ಚಿಂತೆಯಿಂದ ಹೇಳುತ್ತೇವೆ. ಸಿಡಿತದ ನಡುವೆ ಸರಿಯಾಗಿ ಕೇಳದ ಒಂದೇ ಒಂದು ಪದಕ್ಕಾಗಿ ವರ್ಷಗಟ್ಟಲೆ ಚರ್ಚೆ ಮಾಡಿದವರಿದ್ದಾರೆ. ಪ್ಯಾರಮೌಂಟಿನ 13099 ಅನ್ನುವ ನಂಬರಿನ ಪ್ಲೇಟು ಇನ್ನೂ ಯಾರಿಗೂ ಸಿಕ್ಕಿಲ್ಲ. ವಿಲ್ಲಿ ಬ್ರೌನ್ ಹಾಡಿದ್ದು. ಹುಡುಕಾಟ ನಡೆದೇ ಇದೆ.

ಮಿಸಿಸಿಪಿಯಲ್ಲಿ ಗೇಲ್ ಡೀನ್ ವಾರ್ಡ್ಲೋ ಅಂತ ಒಬ್ಬರು ಮನೆಗಳಿಗೆ ಹುಳದ ಔಷಧಿ ಹೊಡೆಯುವ ಕೆಲಸದಲ್ಲಿದ್ದರು. ಬಾಗಿಲು ತಟ್ಟಿದಾಗೆಲ್ಲ, ಹಳೆಯ ಪ್ಲೇಟು ಇವೆಯಾ ಅಂತಲೂ ಕೇಳುತ್ತಿದ್ದರು. ಅವರು ಪ್ಲೇಟಿಗೇ ನಿಲ್ಲಲಿಲ್ಲ. ಸರ್ಕಾರಿ ಕಚೇರಿಯ ಕಡತ ಹುಡುಕಿ ಪ್ಯಾಟನ್ ಅವರ ಮರಣಪತ್ರ ತೆಗೆದರು. 1968ರಲ್ಲಿ ರಾಬರ್ಟ್ ಜಾನ್ಸನ್ ಅವರದ್ದನ್ನೂ ತೆಗೆದರು. ಸೈತಾನನಿಗೆ ಆತ್ಮ ಮಾರಿಕೊಂಡ ಅಂತ ಕಥೆ ಹಬ್ಬಿದ್ದ ಗಾಯಕ ಅವರು. ಸತ್ತದ್ದು 1938ರ ಆಗಸ್ಟ್ 16 ಅಂತ ಆ ಕಾಗದದಿಂದ ಗೊತ್ತಾಯಿತು.

ಇದರಲ್ಲಿ ಮನಸ್ಸಿಗೆ ಚುಚ್ಚುವ ಮಾತೂ ಇದೆ, ಅದನ್ನೂ ಹೇಳಬೇಕು. ಈ ಸಂಗ್ರಾಹಕರಲ್ಲಿ ಹೆಚ್ಚಿನವರು ಬಿಳಿಯರು. ಬಡ ಕಪ್ಪು ಜನರ ಮನೆಯಿಂದ ಪುಡಿಗಾಸಿಗೆ ಕೊಂಡ ಪ್ಲೇಟುಗಳು ಆಮೇಲೆ ಭಾರಿ ಬೆಲೆಗೆ ಹೋದವು. 2013ರಲ್ಲಿ ಟಾಮಿ ಜಾನ್ಸನ್ ಅವರ ಒಂದೇ ಪ್ಲೇಟಿಗೆ 37 ಸಾವಿರ ಡಾಲರಿಗೂ ಜಾಸ್ತಿ ಬಂತು. ಹಾಡಿದವರಿಗೆ ಅವತ್ತು ಕೊಟ್ಟದ್ದು ಒಂದಿಷ್ಟು ಡಾಲರು, ಅಷ್ಟೇ. ಇನ್ನೊಂದು ವಿಷಯ. ಆ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಮಾರಾಟವಾದವರು ಬೆಸ್ಸಿ ಸ್ಮಿತ್, ಮಾ ರೇನಿಯಂಥ ಹೆಣ್ಣುಮಕ್ಕಳು. ಅವರ ಪ್ಲೇಟು ಸುಲಭವಾಗಿ ಸಿಗುತ್ತಿತ್ತು. ಸಂಗ್ರಾಹಕರಿಗೆ ಅಪರೂಪದ್ದೇ ಬೇಕು. ಹಾಗಾಗಿ ಒಂಟಿ ಗಿಟಾರ್ ಹಿಡಿದ ಗಂಡಸೇ ಬ್ಲೂಸ್ ಅನ್ನುವ ಚಿತ್ರ ಜನರ ತಲೆಯಲ್ಲಿ ಕೂತುಬಿಟ್ಟಿತು. ಅದು ಸರಿಯಲ್ಲ. ಅದನ್ನು ಇನ್ನೂ ತಿದ್ದುತ್ತಾ ಇದ್ದಾರೆ.

ಗೀಶಿ ವೈಲಿ ಅಂತ ಆಗಲೇ ಹೇಳಿದೆನಲ್ಲ. 1930ರಲ್ಲಿ ಅವರೂ ಅವರ ಜೊತೆಗಾತಿಯೂ ಪ್ಯಾರಮೌಂಟಿಗೆ ಹಾಡಿದರು. ಇಬ್ಬರದೂ ಸೇರಿ ಆರೇ ಹಾಡು. ಜೊತೆಗಾತಿಯ ಹೆಸರು ಲೇಬಲ್ಲಿನಲ್ಲಿ ಎಲ್ವೀ ಥಾಮಸ್ ಅಂತಿತ್ತು. ಆ ಎಲ್ವೀ ಯಾರು, ಯಾವ ಊರಿನವರು ಅಂತ ಹುಡುಕಿ ಹುಡುಕಿ ಜನ ಸೋತರು. ಅಸಲಿಗೆ ಅದು ಎಲ್ವೀ ಅಲ್ಲ. ಎಲ್ ವಿ. ಬರೀ ಎರಡು ಅಕ್ಷರ. ನಮ್ಮಲ್ಲಿ ಇನಿಷಿಯಲ್ ಅಂತೀವಲ್ಲ, ಹಾಗೆ. 1961ರಲ್ಲಿ ಒಬ್ಬ ಸಂಶೋಧಕರು ಟೆಕ್ಸಾಸಿನ ಹ್ಯೂಸ್ಟನ್ ಊರಲ್ಲಿ ಆಕೆಯನ್ನು ಕಂಡು, ಕೂತು ಮಾತಾಡಿ, ಬರೆದುಕೊಂಡಿದ್ದರು. ಆದರೆ ಆ ಟಿಪ್ಪಣಿ ಅವರ ಕಡತದಲ್ಲೇ ಉಳಿಯಿತು. ಜಗತ್ತಿಗೆ ಗೊತ್ತಾದದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಎಲ್ ವಿ ಥಾಮಸ್ ತೀರಿಕೊಂಡು 35 ವರ್ಷ ಆಗಿತ್ತು. ನಿಮ್ಮ ಹಾಡು ಕೇಳಿ ನಾವು ಅತ್ತಿದ್ದೇವೆ ಅಂತ ಯಾರೂ ಅವರಿಗೆ ಹೇಳಲಾಗಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಜಾನ್ ಹರ್ಟ್ ಅವರ ಕಡೆ ಬರೋಣ.

1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕರು ತಮ್ಮ ರಾಶಿಯಿಂದ 84 ಹಾಡು ಆರಿಸಿ ಲಾಂಗ್‌ಪ್ಲೇ ರೆಕಾರ್ಡುಗಳಲ್ಲಿ ಹೊರತಂದರು. ಹಾಡಿದವರು ಕಪ್ಪೋ ಬಿಳಿಯೋ ಅಂತ ಬೇಕೆಂದೇ ಬರೆಯಲಿಲ್ಲ. ಹರ್ಟ್ ಅವರ ಎರಡು ಹಾಡು ಅದರಲ್ಲಿದ್ದವು. ಆ ಮೆತ್ತನೆಯ ದನಿ ಕೇಳಿ ಎಷ್ಟೋ ಜನ ಅವರನ್ನು ಬಿಳಿಯ ಹಳ್ಳಿಗ ಅಂದುಕೊಂಡಿದ್ದರು. ಸತ್ತೇ ಹೋಗಿರಬೇಕು ಅಂತಲೂ ನಂಬಿದ್ದರು.

1963ರಲ್ಲಿ ವಾಷಿಂಗ್ಟನ್ ಕಡೆಯ ಸಂಗ್ರಾಹಕ ಡಿಕ್ ಸ್ಪಾಟ್ಸ್‌ವುಡ್ ಅವರಿಗೆ ಅವಲಾನ್ ಹಾಡು ಕೇಳುವ ಅವಕಾಶ ಸಿಕ್ಕಿತು. ನನ್ನ ಊರು ಅಂತ ಗಾಯಕರೇ ಹೇಳುತ್ತಿದ್ದಾರೆ. ಹಾಗಾದರೆ ಊರು ಇರಲೇಬೇಕಲ್ಲ? ಅವರು ಅಟ್ಲಾಸ್ ಬಿಡಿಸಿ ಹುಡುಕಿದರು. ಅವಲಾನ್ ಸಿಕ್ಕಿತು. ಮಿಸಿಸಿಪಿಯಲ್ಲೇ, ಬೆರಳೆಣಿಕೆಯ ಮನೆಗಳ ಒಂದು ಜಾಗ. ಅವರು ಸುಮ್ನೆ ಇರಲಿಲ್ಲ. ಸ್ನೇಹಿತ ಟಾಮ್ ಹಾಸ್ಕಿನ್ಸ್ ಆ ಕಡೆ ಹೋಗುವವರಿದ್ದರು. ಒಮ್ಮೆ ವಿಚಾರಿಸಿ ಬಾ ಅಂತ ಹೇಳಿದರು.

ಹಾಸ್ಕಿನ್ಸ್ ಕಾರು ಓಡಿಸಿಕೊಂಡು ಹೋಗಿ, ಅಲ್ಲಿನ ಅಂಗಡಿಯಲ್ಲಿ ಕೇಳಿದರು. ಜಾನ್ ಹರ್ಟ್ ಅಂತ ಒಬ್ಬ ಹಾಡುಗಾರರಿದ್ದರಂತೆ, ಗೊತ್ತಾ ಅಂತ. ಅಂಗಡಿಯಲ್ಲಿದ್ದವರು ಗುಡ್ಡದ ಕಡೆ ಕೈ ತೋರಿಸಿದರು. ಮೇಲೆ ಹೋಗು, ಮೂರನೆಯ ಅಂಚೆ ಪೆಟ್ಟಿಗೆ, ಅದೇ ಮನೆ.

ಪೊಲೀಸಿನವರೇ ಬಂದರು ಅಂತ ಹರ್ಟ್ ಮೊದಲು ಹೆದರಿದರು. ಹೆದರದೆ ಇರುವುದು ಹೇಗೆ? 1963ರ ಮಿಸಿಸಿಪಿಯಲ್ಲಿ ಅಪರಿಚಿತ ಬಿಳಿಯ ಯುವಕ ಕಪ್ಪು ರೈತನ ಮನೆ ಬಾಗಿಲಿಗೆ ಬಂದರೆ ಅದು ಒಳ್ಳೆಯದಕ್ಕೆ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಹರ್ಟ್ ಅವರಿಗೆ ಆಗ ಸುಮಾರು ಎಪ್ಪತ್ತು. ಮನೆಯಲ್ಲಿ ಗಿಟಾರ್ ಕೂಡ ಇರಲಿಲ್ಲ. ಹಾಸ್ಕಿನ್ಸ್ ತಾವು ತಂದಿದ್ದ ಗಿಟಾರನ್ನು ಅವರ ಕೈಗೆ ಕೊಟ್ಟರು. ನೆಲ ಅಗೆದು ಒರಟಾದ ಬೆರಳು. ನಿಧಾನಕ್ಕೆ ತಂತಿ ಮೀಟಿದರು. ಪ್ಲೇಟಿನಲ್ಲಿದ್ದ ಅದೇ ಕೈ, ಅದೇ ದನಿ.

ಆ ವರ್ಷದ ಜುಲೈನಲ್ಲಿ ನ್ಯೂಪೋರ್ಟ್ ಊರಿನ ದೊಡ್ಡ ಸಂಗೀತ ಹಬ್ಬದಲ್ಲಿ ಹರ್ಟ್ ಸಾವಿರಾರು ಜನರ ಎದುರು ಕೂತು ಹಾಡಿದರು. ತಲೆಯ ಮೇಲೆ ಅವರ ಹ್ಯಾಟು, ಮುಖದ ತುಂಬ ನಗು. ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದವರು ಕರೆದು ಅವರ ಹಾಡುಗಳನ್ನೆಲ್ಲ ಧ್ವನಿಮುದ್ರಿಸಿಕೊಂಡರು. ಟೆಲಿವಿಷನ್ನಿಗೂ ಬಂದರು. ಮೂರು ವರ್ಷ ಊರೂರು ಸುತ್ತಿ ಹಾಡಿದರು. 1966ರ ನವೆಂಬರ್ 2ರಂದು ತೀರಿಕೊಂಡರು. ಮಣ್ಣು ಮಾಡಿದ್ದು ಅವಲಾನಿನಲ್ಲೇ.

ನಮಸ್ಕಾರ.